ರೊಕ್ಕ ನಮ್ಮದು, ಹೆಸರು ಅವರದು

ಗೋಕಾಕ ಫಾಲ್ಸ್‌ನ ಮಿಲ್ ಕಾಲನಿಯಲ್ಲಿ ಬೆಳೆದ ನಮಗೆ ಮಾಲಕರು ಅಂದರೆ ಪಗಾರ ಚೀಟಿಯ ಮೇಲಿನ ಒಂದು ಸಾಲು. ಅಪ್ಪ ಟೈಮ್ ಆಫೀಸಿನಲ್ಲಿ ಕಾರಕೂನ. ಅವನ ಚೀಟಿಯ ನೆತ್ತಿಯ ಮೇಲೆ ‘ಗೋಕಾಕ ಪಟೇಲ್ ವೋಲ್ಕಾರ್ಟ್ ಲಿಮಿಟೆಡ್’ ಎಂದು ಅಚ್ಚಾಗಿರುತ್ತಿತ್ತು. ಗೋಕಾಕ ನಮ್ಮೂರು. ಪಟೇಲ್ ಯಾರೋ ಗುಜರಾತದವರು ಇರಬೇಕು. ಈ ವೋಲ್ಕಾರ್ಟ್ ಯಾರು? ಅಪ್ಪನನ್ನು ಕೇಳಿದರೆ, ‘ಯಾರೋ ಸಾಹೇಬರು ಇರಬೇಕು, ತಗೊಂಡು ಏನ್ ಮಾಡ್ತಿ? ಪಗಾರ ಬರೂದು ಬರ್ತೈತಿಲ್ಲೊ?’ ಎಂದು ಮಾತು ಮುಗಿಸುತ್ತಿದ್ದ.

ಸಾಹೇಬರು ಒಬ್ಬರಲ್ಲ, ಇಬ್ಬರು ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ, ಮುಂಬಯಿಯಲ್ಲಿ ಕಂಪನಿ ಸೆಕ್ರೆಟರಿ ಕೆಲಸ ಕಲಿಯುವಾಗ. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರಿನ ವೋಲ್ಕಾರ್ಟ್ ಅಣ್ಣತಮ್ಮಂದಿರು 1851ರಲ್ಲಿ ಏಕಕಾಲಕ್ಕೆ ಎರಡು ಕಡೆ ವ್ಯಾಪಾರ ಶುರುಮಾಡಿದರು: ಒಂದು ತಮ್ಮೂರಲ್ಲಿ, ಒಂದು ಮುಂಬಯಿಯಲ್ಲಿ. ಟಾಟಾದವರ ಸಂಗಡ ಕೂಡಿ 1954ರಲ್ಲಿ ವೋಲ್ಟಾಸ್ ಕಟ್ಟಿದವರೂ ಇವರೇ. ಸಮುದ್ರವೇ ಇಲ್ಲದ ನಾಡಿನವರು ಹಡಗಿನ ಮೇಲೆ ಹತ್ತಿ ಸಾಗಿಸಿ ಶ್ರೀಮಂತರಾದ ಕಥೆ ನನಗೆ ಬಹಳ ಹಿಡಿಸಿತು. ಅದಕ್ಕಿಂತ ಹಿಡಿಸಿದ್ದು, ಅವರ ಹೆಸರು ಘಟಪ್ರಭೆಯ ದಂಡೆಯ ನನ್ನ ಅಪ್ಪನ ಕಿಸೆಯವರೆಗೂ ಬಂದು ಮುಟ್ಟಿದ್ದು.

ಆದರೆ ಮಿಲ್ಲಿನ ಮೂಲ ಹೆಸರು ಬೇರೆ. 1885ರಲ್ಲಿ ಹುಟ್ಟಿದಾಗ ಅದು ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ. ಐವತ್ತೆರಡು ಮೀಟರ್ ಮೇಲಿಂದ ಧುಮುಕುವ ನೀರನ್ನು ನೋಡಿ ನಮ್ಮವರು ಕೈಮುಗಿದರು, ಬ್ರಿಟಿಷ್ ವ್ಯಾಪಾರಿಗಳು ಅದರಲ್ಲಿ ನೂಲು ತೆಗೆಯುವ ಶಕ್ತಿ ಕಂಡರು. ಆಗ ಜಾರಿಯಲ್ಲಿದ್ದದ್ದು 1882ರ ಕಂಪನಿ ಕಾಯ್ದೆ. ಬ್ರಿಟಿಷರಿಗೆ ಇಲ್ಲಿ ಕಂಪನಿ ಕಟ್ಟಲು ಯಾರ ಜಾಮೀನೂ ಬೇಕಿರಲಿಲ್ಲ, ರಾಜ್ಯವೇ ಅವರದು. ಬಂಡವಾಳ ಯಾರದೇ ಇರಲಿ, ಆಡಳಿತ ‘ಮ್ಯಾನೇಜಿಂಗ್ ಏಜೆಂಟ’ರ ಕೈಯಲ್ಲಿ. ನಮ್ಮ ಮಿಲ್ಲಿಗೆ ಬಹುಕಾಲ ಅಂಥ ಕೈ ಮುಂಬಯಿಯ ಫೋರ್ಬ್ಸ್ ಕಂಪನಿಯದು. ಅದರ ಮೂಲಪುರುಷ ಜಾನ್ ಫೋರ್ಬ್ಸ್ ಸ್ಕಾಟ್ಲೆಂಡಿನವನು, ಕಂಪನಿಯ ಹುಟ್ಟು 1767. ಸರ್ಕಾರ 1970ರಲ್ಲಿ ಈ ಏಜೆನ್ಸಿ ಪದ್ಧತಿಯನ್ನೇ ರದ್ದು ಮಾಡಿತು. ಆಮೇಲೆ ಟಾಟಾ ಬಳಗ, ಅದಾದ ಮೇಲೆ ಶಾಪೂರ್ಜಿ ಪಲ್ಲೋಂಜಿ ಬಳಗ. ಬೋರ್ಡು ಬದಲಾಗುತ್ತ ಹೋಯಿತು, ಮೂರು ಪಾಳಿಯ ಭೊಂಗಾ ಮಾತ್ರ ಅದೇ ಹೊತ್ತಿಗೆ ಕೂಗುತ್ತಿತ್ತು.

ನಾನು ಈ ಕಸುಬಿಗೆ ಬಂದಾಗ ಪರದೇಶದ ಕಂಪನಿ ಎಂದರೆ ಸಂಶಯದಿಂದ ನೋಡುವ ಕಾಲ. 1973ರ ಫೆರಾ ಕಾಯ್ದೆ ಹೆಚ್ಚಿನ ಉದ್ಯಮಗಳಲ್ಲಿ ಪರದೇಶದವರ ಪಾಲು ನೂರಕ್ಕೆ ನಲವತ್ತು ದಾಟಬಾರದು ಅಂದಿತ್ತು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿಯಾಗಿದ್ದಾಗ ಕೋಕಾಕೋಲಾ, ಐಬಿಎಂ ಎರಡೂ ಗಂಟುಮೂಟೆ ಕಟ್ಟಿದ್ದವು. ಹಾಗಿದ್ದೂ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಕೂತಿತು. 1991ರ ನಂತರ ಬಾಗಿಲು ಪೂರ್ತಿ ತೆರೆದಾಗ ನನ್ನಂಥವರ ಹೊಟ್ಟೆಪಾಡಿಗೆ ದಾರಿಯಾಯಿತು. ನಾನೂ ಬೆಂಗಳೂರು ಸೇರಿದೆ. ಪರದೇಶದವರಿಗೆ ಇಲ್ಲಿ ಕಂಪನಿ ಕಟ್ಟಿಕೊಡುವುದೇ ಕೆಲಸವಾಯಿತು. ಇದರ ತದ್ವಿರುದ್ಧ ಕೆಲಸ, ಅಂದರೆ ನಮ್ಮವರಿಗೆ ಪರದೇಶದಲ್ಲಿ ಕಟ್ಟಿಕೊಡುವುದು, ಗಂಟುಬಿದ್ದದ್ದು ನನ್ನ ಸೋದರಳಿಯನಿಂದ.

ಅಕ್ಕನನ್ನು ಕೊಟ್ಟದ್ದು ಮೂಡಲಗಿ ಕಡೆ. ಅವರದು ಕಬ್ಬಿನ ಹೊಲ, ಗಾಣ. ಅಳಿಯ ಬೆಲ್ಲದ ವ್ಯಾಪಾರದ ಜೊತೆಗೆ ಗೋಕಾಕಿನಲ್ಲಿ ಕರದಂಟು ಮಾಡಿಸಿ ಡಬ್ಬಿಗೆ ತುಂಬಿ ಮಾರುತ್ತಿದ್ದ. ದುಬೈಗೆ ಮಾಲು ಕಳಿಸುತ್ತ ಕಳಿಸುತ್ತ, ಅಲ್ಲಿ ಕೊಳ್ಳುವವ ಕೊಟ್ಟ ದರವೇ ದರ ಎಂಬಂತಾದಾಗ, ಅಲ್ಲೇ ತನ್ನದೊಂದು ಕಂಪನಿ ಇರಬೇಕು ಅನ್ನಿಸಿತು ಅವನಿಗೆ. 2015ರ ಸುಮಾರು. ‘ಮಾಮಾ, ಜರ್ಮನಿಯವ್ರಿಗೆಲ್ಲಾ ಮಾಡಿಕೊಡ್ತಿ, ಸ್ವಂತ ಅಳಿಯಗ ಮಾಡಿಕೊಡಾಕ ಏನ್ ಧಾಡಿ?’ ಅಂದ. ಅಕ್ಕ ಪಕ್ಕದಲ್ಲೇ ಕೂತಿದ್ದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ದುಬೈಯಲ್ಲಿ ಆಗ ಎರಡು ದಾರಿ. ಒಂದು ಫ್ರೀ ಝೋನ್. 1985ರಲ್ಲಿ ಜೆಬೆಲ್ ಅಲಿಯಿಂದ ಶುರುವಾದ ಈ ವಲಯಗಳಲ್ಲಿ ನೂರಕ್ಕೆ ನೂರು ಪಾಲು ನಮ್ಮದೇ. ಆದರೆ ಅಲ್ಲಿ ಕೂತು ಡೇರಾದ ಕಿರಾಣಿ ಅಂಗಡಿಗೆ ನೇರವಾಗಿ ಒಂದು ಪೆಂಟೆ ಬೆಲ್ಲ ಮಾರುವಂತಿರಲಿಲ್ಲ, ನಡುವೆ ಅಲ್ಲಿಯ ವಿತರಕ ಬೇಕಿತ್ತು. ಇನ್ನೊಂದು ಮೇನ್‌ಲ್ಯಾಂಡ್. ಅಲ್ಲಿ ಯಾವ ಅಂಗಡಿಗಾದರೂ ಮಾರಬಹುದು, ಆದರೆ ಕಂಪನಿಯ ನೂರಕ್ಕೆ ಐವತ್ತೊಂದು ಪಾಲು ಆ ದೇಶದ ಪ್ರಜೆಯ ಹೆಸರಿನಲ್ಲಿರಬೇಕಿತ್ತು. ಅಂಥವನಿಗೆ ಅಲ್ಲಿ ಕಫೀಲ್ ಅನ್ನುತ್ತಾರೆ, ನಮ್ಮವರ ಬಾಯಲ್ಲಿ ಸ್ಪಾನ್ಸರ್. ಅಳಿಯನಿಗೆ ಬೇಕಾದದ್ದು ಅಂಗಡಿ ಅಂಗಡಿಗೆ ಮಾಲು ಹಾಕುವ ವ್ಯಾಪಾರ. ಹಾಗಾಗಿ ಎರಡನೇ ದಾರಿಯೇ ಗತಿ.

ಮುನ್ನೂರು ಷೇರು ಮಾಡಿ, 153 ಅವರಿಗೆ 147 ನಮಗೆ ಎಂದು ಕರಡು ಬರೆದು ತೋರಿಸಿದಾಗ ಅಳಿಯನ ಮುಖ ಕೆಂಪಾಯಿತು. ‘ಬೆಲ್ಲ ನಮ್ದು, ರೊಕ್ಕ ನಮ್ದು, ಬಿಸಲಾಗ ತಿರಗಾವ್ರ್ ನಾವು. ಆ ಮನಷ್ಯಾಗ ಹೆಚ್ಚಿಗಿ ಪಾಲು ಯಾಕ?’ ನಾನು ನಮ್ಮ ದನದ ಸಂತೆಯ ಉದಾಹರಣೆ ಕೊಟ್ಟೆ. ಗುರುತಿಲ್ಲದ ಊರಿನವ ಎತ್ತಿನ ಜೋಡಿ ಉದ್ರಿ ಕೇಳಿದರೆ, ‘ನಿನ್ನ ಗುರುತಿನವ್ರ್ ಯಾರದಾರ ಇಲ್ಲಿ?’ ಎಂದು ಕೇಳುವುದಿಲ್ಲವೇ? ನಾಳೆ ಅವ ಓಡಿಹೋದರೆ ಕೊರಳಪಟ್ಟಿ ಹಿಡಿಯಲು ಊರಿನವನೊಬ್ಬ ಬೇಕು. ಅಳಿಯ ತಟ್ಟನೆ ಅಂದ: ‘ಸಂತ್ಯಾಗ ಜಾಮೀನಾದವ ಚಾ ಕುಡದು ಹೋಗ್ತಾನ, ಎತ್ತಿನ್ಯಾಗ ಪಾಲು ಕೇಳೂದಿಲ್ಲ.’ ಅವನ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಇವತ್ತಿಗೂ ಇಲ್ಲ.

ಮಾಲಕತ್ವ ಅಳಿಯನ ಗೋಕಾಕಿನ ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರಿನಲ್ಲಿ ಎಂದು ಠರಾಯಿಸಿದ್ದರಿಂದ ಕಾಗದಗಳ ಮೆರವಣಿಗೆ ಹೊರಟಿತು. ಕಂಪನಿಯ ಹುಟ್ಟುಪತ್ರ, ನಿಯಮಾವಳಿ, ಬೋರ್ಡಿನ ಠರಾವು, ಮುಖ್ತ್ಯಾರಪತ್ರ. ಇವು ಬರೀ ನೋಟರಿಯ ಮೊಹರಿಗೆ ದುಬೈಯಲ್ಲಿ ನಡೆಯುವುದಿಲ್ಲ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗಾದರೆ ಅಪಾಸ್ಟೀಲ್ ಎಂಬ ಒಂದೇ ಚೀಟಿ ಅಂಟಿಸಿದರೆ ಸಾಕು. ನಾವು ಅದಕ್ಕೆ ಸೇರಿದ್ದು 2005ರಲ್ಲಿ, ಎಮಿರೇಟ್ಸ್ ಸೇರಿರಲಿಲ್ಲ. ಆದ್ದರಿಂದ ನೋಟರಿ, ಅವರ ಮೇಲೆ ಚೇಂಬರ್ ಆಫ್ ಕಾಮರ್ಸ್, ಅದರ ಮೇಲೆ ವಿದೇಶಾಂಗ ಖಾತೆ, ಆಮೇಲೆ ದಿಲ್ಲಿಯ ಅವರ ರಾಯಭಾರ ಕಚೇರಿ, ಕೊನೆಗೆ ದುಬೈಯಲ್ಲಿ ಅವರದೇ ವಿದೇಶಾಂಗ ಖಾತೆ. ಪ್ರತಿಯೊಬ್ಬರೂ ಮೊಹರು ಒತ್ತುವುದು ಹಿಂದಿನವನ ಸಹಿ ನಿಜವೆಂದು, ಕಾಗದದಲ್ಲಿ ಬರೆದದ್ದು ನಿಜವೆಂದಲ್ಲ. ಮುಖ್ತ್ಯಾರಪತ್ರದ ಹಿಂಬದಿ ಜಾಗ ಸಾಲದೆ ಬೇರೆ ಹಾಳೆ ಹಚ್ಚಿ, ಆ ಹಚ್ಚಿದ ಅಂಚಿನ ಮೇಲೂ ಅರ್ಧ ಅಲ್ಲಿ ಅರ್ಧ ಇಲ್ಲಿ ಬರುವಂತೆ ಮೊಹರು ಬಿದ್ದಿತ್ತು. ಹಸಿರು, ನೇರಳೆ, ಕೆಂಪು ಶಾಯಿಯ ಆ ಹಾಳೆ ನೋಡಿ ಅಕ್ಕ, ‘ಏನಪಾ ಇದು, ಕೌದಿ ಹೊಲದಂಗ ಐತಿ’ ಅಂದಳು.

ತೊಡಕು ಬಂದದ್ದು ಯಾರೂ ಎಣಿಸದ ಕಡೆಯಿಂದ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಹೆಸರು ಬದಲಾದವು. ಬೆಲ್ಗಾಮ್ ಬೆಳಗಾವಿಯಾಯಿತು. ನಮಗೆಲ್ಲ ಸಂತೋಷವೇ. ಆದರೆ ಅಳಿಯನ ಪಾಸ್‌ಪೋರ್ಟಿನಲ್ಲಿ ಬೆಲ್ಗಾಮ್, ಹೊಸ ಠರಾವಿನಲ್ಲಿ ಬೆಳಗಾವಿ. ಅರಬ್ಬಿಗೆ ಅನುವಾದ ಮಾಡುವವ ಎರಡನ್ನೂ ಇದ್ದಂತೆ ಬರೆದ. ಕೌಂಟರಿನಲ್ಲಿ ಕೂತವರಿಗೆ ಒಬ್ಬನೇ ಮನುಷ್ಯ ಎರಡು ಜಿಲ್ಲೆಯವನಾಗಿ ಕಂಡ. ರಾಜ್ಯಪತ್ರದ ಪ್ರತಿ ತರಿಸಿ, ಅದಕ್ಕೂ ಇಷ್ಟೂ ಮೊಹರು ಹಾಕಿಸಬೇಕಾಯಿತು. ಮುಂದೆ ಮೂಡಲಗಿಯೇ ಬೇರೆ ತಾಲೂಕಾಯಿತು. ಊರಲ್ಲಿ ಪಟಾಕಿ ಹೊಡೆದರು, ನಾನು ಮತ್ತೆ ವಿಳಾಸ ತಿದ್ದುವ ಫಾರ್ಮು ತುಂಬಿದೆ.

ಒಂದು ಮಾತ್ರ ನಮಗೆ ಅನುಕೂಲವಾಯಿತು. ಅಲ್ಲಿಯ ಫಾರ್ಮಿನಲ್ಲಿ ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಕೇಳುತ್ತಾರೆ. ಬೆಂಗಳೂರು ಮೈಸೂರು ಕಡೆಯ ಗಿರಾಕಿಗಳು ತಮ್ಮ ಒಂದಕ್ಷರದ ಇನಿಷಿಯಲ್ಲನ್ನು ಬಿಡಿಸಿ ಹೇಳುವಷ್ಟರಲ್ಲಿ ಸುಸ್ತಾಗುತ್ತಿದ್ದರು. ನಮ್ಮ ಕಡೆ ಹುಟ್ಟಿದಾಗಿನಿಂದಲೇ ಮೂರೂ ಇರುತ್ತವೆ.

ರಿಸರ್ವ್ ಬ್ಯಾಂಕಿನ ಬಾಬತ್ತು ಬೇರೆ. ಇಲ್ಲಿಯ ಕಂಪನಿ ಪರದೇಶದಲ್ಲಿ ಬಂಡವಾಳ ಹೂಡುವಾಗ, ಕಡೆಯ ಆಡಿಟ್ ಆದ ಲೆಕ್ಕದ ನಿವ್ವಳ ಮೌಲ್ಯದ ನಾಲ್ಕು ಪಟ್ಟಿನವರೆಗೆ ಮುಂಗಡ ಪರವಾನಗಿ ಬೇಡ. ಬ್ಯಾಂಕಿನ ಮೂಲಕ ಆಗ ಓಡಿಐ ಫಾರ್ಮು ಕೊಟ್ಟು ಗುರುತಿನ ಸಂಖ್ಯೆ ಪಡೆಯಬೇಕಿತ್ತು, ಆಮೇಲೆ ವರ್ಷವರ್ಷ ಡಿಸೆಂಬರ್ 31ರೊಳಗೆ ಆ ಕಂಪನಿಯ ಲೆಕ್ಕ ಒಪ್ಪಿಸಬೇಕು. ಊರಿನ ಬ್ಯಾಂಕಿನ ಮ್ಯಾನೇಜರು ಫಾರ್ಮನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ‘ಸರ, ನಾನು ಬೆಳೆಸಾಲದ ಮನಷ್ಯಾ’ ಎಂದು ಕೈ ಜೋಡಿಸಿದರು. ದೊಡ್ಡ ಶಾಖೆಗೆ ಹೋಗಬೇಕಾಯಿತು. ಅಲ್ಲಿ ಇನ್ನೊಂದು ಪೇಚು. ಕಾಗದದ ಮೇಲೆ ನಮ್ಮದು ನಲವತ್ತೊಂಬತ್ತೇ ಪಾಲು. ಹಾಗಿದ್ದರೆ ವ್ಯಾಪಾರದ ಪೂರ್ತಿ ದುಡ್ಡು ನಾವೇ ಯಾಕೆ ಕಳಿಸುತ್ತೇವೆ? ನಮ್ಮ ಪಾಲಿನದನ್ನು ಷೇರು ಹಣವಾಗಿಯೂ ಮಿಕ್ಕದ್ದನ್ನು ಆ ಕಂಪನಿಗೆ ಕೊಟ್ಟ ಸಾಲವಾಗಿಯೂ ತೋರಿಸಿದೆವು. ಕಾಯ್ದೆಗೆ ಸರಿಹೋಯಿತು. ಅಳಿಯ ಮಾತ್ರ, ‘ನನ್ನ ಅಂಗಡಿಗೆ ನಾನs ಸಾಲ ಕೊಟ್ಟು ನಾನs ಬಡ್ಡಿ ಲೆಕ್ಕ ಬರೀಬೇಕಾತು’ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಸ್ಪಾನ್ಸರ್ ಆಗಿ ಸಿಕ್ಕವರು ಸರ್ಕಾರಿ ನೌಕರಿಯಿಂದ ನಿವೃತ್ತರಾದ ಹಿರಿಯರು. ಬಿಳಿ ನಿಲುವಂಗಿ, ಕೈಯಲ್ಲಿ ಜಪಮಾಲೆ, ಚೊಕ್ಕ ಹಿಂದಿ. ಪುಟ್ಟ ಬಟ್ಟಲಲ್ಲಿ ಏಲಕ್ಕಿ ಹಾಕಿದ ಗಹ್ವಾ ಕೊಟ್ಟು, ‘ನಾನು ಹುಡುಗನಿದ್ದಾಗ ನಮ್ಮ ಪೇಟೆಯಲ್ಲಿ ನಡೆಯುತ್ತಿದ್ದದ್ದು ನಿಮ್ಮ ರೂಪಾಯಿ’ ಅಂದರು. ಸುಳ್ಳಲ್ಲ. ಕೊಲ್ಲಿಯ ನಾಡುಗಳಿಗೆಂದೇ ನಮ್ಮ ರಿಸರ್ವ್ ಬ್ಯಾಂಕು 1959ರಿಂದ ಬೇರೆ ನೋಟು ಅಚ್ಚುಹಾಕುತ್ತಿತ್ತು. 1966ರಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ಅವರು ಅದನ್ನು ಕೈಬಿಟ್ಟರು. ಕರದಂಟಿನ ಚೂರು ಬಾಯಿಗೆ ಹಾಕಿಕೊಂಡು, ಇದರಲ್ಲಿ ಏನೇನಿದೆ ಎಂದು ಕೇಳಿದರು. ಅಂಟು, ಬೆಲ್ಲ, ಕೊಬ್ಬರಿ, ಗೋಡಂಬಿ, ಉತ್ತತ್ತಿ ಎಂದು ಅಳಿಯ ಬೆರಳು ಮಡಿಚಿದ. ಉತ್ತತ್ತಿ ಅಂದಕೂಡಲೇ ಅವರ ಮುಖ ಅರಳಿತು. ತಮ್ಮ ನಾಡಿನ ಮಾಲು ಗೋಕಾಕಿಗೆ ಹೋಗಿ ಅಂಟು ಹಚ್ಚಿಕೊಂಡು ಬಂತಲ್ಲ ಎಂದು ನಕ್ಕರು.

ಇಷ್ಟು ಸೌಜನ್ಯದ ಮನುಷ್ಯನ ಎದುರು ವಕೀಲ ಮೇಜಿನ ಮೇಲೆ ಹರಡಿದ ಕಾಗದಗಳನ್ನು ನೋಡಿದರೆ ನಾಚಿಕೆಯಾಗಬೇಕು. 153 ಷೇರನ್ನು ನಮಗೇ ಒತ್ತೆ ಇಟ್ಟಂತೆ ಒಂದು ಕರಾರು. ಆ ಷೇರಿನ ಬೆಲೆ ನಾವೇ ಅವರಿಗೆ ಸಾಲ ಕೊಟ್ಟಂತೆ ಇನ್ನೊಂದು. ಕಂಪನಿ ನಡೆಸುವ ಅಧಿಕಾರವೆಲ್ಲ ಅಳಿಯನಿಗೆ ಬಿಟ್ಟುಕೊಟ್ಟಂತೆ ಮುಖ್ತ್ಯಾರಪತ್ರ. ಲಾಭನಷ್ಟ ಅವರಿಗೆ ಸಂಬಂಧವಿಲ್ಲ, ವರ್ಷಕ್ಕೆ ಇಷ್ಟು ಶುಲ್ಕ ಮಾತ್ರ. ಅವರು ಜಪಮಾಲೆ ಪಕ್ಕಕ್ಕಿಟ್ಟು, ಓದದೆಯೇ ಎಂಬಂತೆ ಸಹಿ ಹಾಕುತ್ತ ಹೋದರು. ಎಷ್ಟು ಕಂಪನಿಗಳಿಗೆ ಹೀಗೆ ಪಾಲುದಾರರಾಗಿದ್ದರೋ. ಈ ಒಳ ಕರಾರುಗಳು ಅಲ್ಲಿಯ ಕೋರ್ಟಿನ ಮುಂದೆ ನಿಲ್ಲುತ್ತವೆಂದು ಯಾವ ವಕೀಲನೂ ಎದೆ ತಟ್ಟಿ ಹೇಳುತ್ತಿರಲಿಲ್ಲ. ಇಡೀ ಊರೇ ಅಂಥ ಕಾಗದದ ಮೇಲೆ ವ್ಯಾಪಾರ ಮಾಡುತ್ತಿತ್ತು.

ಹೊರಗೆ ಬಂದ ಮೇಲೆ ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ಖಾಡಿ ದಾಟಿದೆವು. ಆಚೆ ದಂಡೆಯ ಅಲ್ ರಾಸ್ ಓಣಿಗಳಲ್ಲಿ ಬೇಳೆ, ಮಸಾಲೆ, ಒಣಹಣ್ಣಿನ ಚೀಲ. ಅಳಿಯನಿಗೆ ಆಗ ಉಸಿರು ಬಂತು. ಚೀಲಕ್ಕೆ ಕೈಹಾಕಿ ದರ ಕೇಳತೊಡಗಿದ.

ದುಬೈಯ ಆ ಮೇಜು ನನಗೆ ಅಷ್ಟು ನೆನಪಿರಲು ಇನ್ನೊಂದು ಕಾರಣವಿದೆ. ಅದೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ನಾನೂ ಅಂಥದೇ ಕುರ್ಚಿಯಲ್ಲಿ ಕೂತಿದ್ದೆ. ಯುರೋಪಿನ ಒಂದು ಮನೆತನದ ಕಂಪನಿ, ಯಂತ್ರದ ಬಿಡಿಭಾಗ ಮಾಡುವವರು, ಪೀಣ್ಯದಲ್ಲಿ ಕಾರಖಾನೆ ಹಾಕಲು ಬಂದರು. ನಮ್ಮ ದೇಶ ಅವರಿಂದ ಐವತ್ತೊಂದು ಪಾಲು ಕೇಳುವುದಿಲ್ಲ. ಆ ಉದ್ಯಮದಲ್ಲಿ ನೂರಕ್ಕೆ ನೂರು ಇಟ್ಟುಕೊಳ್ಳಿ ಅನ್ನುತ್ತದೆ. ಆದರೆ 2013ರ ಕಂಪನಿ ಕಾಯ್ದೆಯ 149ನೇ ಕಲಮು, ವರ್ಷದಲ್ಲಿ ಕನಿಷ್ಠ 182 ದಿನ ಭಾರತದಲ್ಲಿದ್ದ ಒಬ್ಬ ಡೈರೆಕ್ಟರ್ ಬೇಕೇಬೇಕು ಅನ್ನುತ್ತದೆ. ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ಬರು ಷೇರುದಾರರು ಎಂಬುದು ಮೊದಲಿನಿಂದಲೂ ಇದೆ. ಹೀಗಾಗಿ ಒಂದೇ ಒಂದು ಷೇರನ್ನು ಇನ್ನೊಬ್ಬರ ಹೆಸರಿಗೆ ಬರೆದು, ‘ಇದು ನನ್ನದಲ್ಲ, ಅವರದು’ ಎಂದು ಅವರಿಂದಲೂ, ‘ಹೌದು, ನಮ್ಮದೇ’ ಎಂದು ಇವರಿಂದಲೂ ಹೇಳಿಕೆ ಪಡೆದು ಸರ್ಕಾರಕ್ಕೆ ಕೊಡುತ್ತೇವೆ. ದುಬೈಯಲ್ಲಿ ಆಗ ವಕೀಲರ ಕಪಾಟಿನಲ್ಲಿ ಮುಚ್ಚಿಡುತ್ತಿದ್ದದ್ದನ್ನು ನಾವು ಫಾರ್ಮಿನಲ್ಲಿ ತುಂಬಿ ಶುಲ್ಕ ಕಟ್ಟುತ್ತೇವೆ, ಅಷ್ಟೇ ಫರಕು.

ಆ 182 ದಿನದ ಡೈರೆಕ್ಟರ್ ನಾನಾದೆ. ಅವರ ಯಂತ್ರ ಏನು ಕಡೆಯುತ್ತದೆ ಎಂಬುದು ನನಗೆ ಮೇಲುಮೇಲೆ ಗೊತ್ತು. ಆದರೂ ಬ್ಯಾಂಕು ಖಾತೆ, ಭವಿಷ್ಯನಿಧಿ, 2017ರಿಂದ ಜಿಎಸ್‌ಟಿ, ಎಲ್ಲ ಕಡೆ ನನ್ನದೇ ಫೋಟೋ, ನನ್ನದೇ ಮೊಬೈಲಿಗೆ ಬರುವ ಓಟಿಪಿ. ಷೇರು ಹಂಚಿದ ಮೂವತ್ತು ದಿನದೊಳಗೆ ರಿಸರ್ವ್ ಬ್ಯಾಂಕಿಗೆ ಎಫ್‌ಸಿ-ಜಿಪಿಆರ್ ವರದಿ ಹೋಗದಿದ್ದರೆ ದಂಡದ ನೋಟೀಸು ಬರುವುದೂ ನನ್ನ ಮನೆ ಬಾಗಿಲಿಗೆ. ಹೀಗೆ ಹೆಸರು ಕೊಟ್ಟವರನ್ನು ಬರೀ ಸಹಿಗಾರರು ಎಂದು ಹಗುರ ಮಾಡುವುದನ್ನು ಕೇಳಿದ್ದೇನೆ. ಕಾಯ್ದೆ ಹಾಗೆ ಹಗುರ ಮಾಡುವುದಿಲ್ಲ. ಕಂಪನಿ ತಪ್ಪಿದರೆ, ಮಾಲಕ ಸಮುದ್ರದಾಚೆ ಇದ್ದರೆ, ಮೊದಲು ಕರೆಯುವುದು ಇಲ್ಲಿದ್ದವನನ್ನೇ. ನಾನು ನಷ್ಟ ತುಂಬಿಕೊಡುವ ಕರಾರು ಕೇಳಿದೆ, ಡೈರೆಕ್ಟರರ ವಿಮೆ ಕೇಳಿದೆ. ಎರಡೂ ಕೊಟ್ಟರು, ಬಿಗಿ ಜನ ಆದರೂ ಮಾತಿಗೆ ನಿಲ್ಲುವವರು. ಬದಲಿಗೆ ಅವರೊಂದು ಕೇಳಿದರು: ತಾರೀಕು ಹಾಕದ, ಸಹಿ ಮಾಡಿದ ರಾಜೀನಾಮೆ ಪತ್ರ. ಬೇಕಾದ ದಿನ ತಾರೀಕು ತುಂಬಿ ನನ್ನನ್ನು ಹೊರಗಿಡಬಹುದು. ಸಹಿ ಹಾಕುವಾಗ ದುಬೈಯ ಹಿರಿಯರ ನೆನಪಾಯಿತು. ನಾನು ಅವರಷ್ಟು ನಿರಾಳವಾಗಿ ಹಾಕಲಿಲ್ಲ, ಎರಡು ಸಲ ಓದಿದೆ.

ಗೋಕಾಕಿಗೆ ಬಂದಾಗ ಈ ಕಥೆ ಹೇಳಿದರೆ ಕಬ್ಬಿನ ಮಂದಿ ಬೆರಗಾಗುವುದಿಲ್ಲ. ಅವರು ಇದಕ್ಕಿಂತ ದೊಡ್ಡದನ್ನು ಕಂಡಿದ್ದಾರೆ. ಮುರ್ಕುಂಬಿ ಮನೆತನದವರು 1998ರಲ್ಲಿ ಶುರುಮಾಡಿದ ಶ್ರೀ ರೇಣುಕಾ ಶುಗರ್ಸ್, ಆಂಧ್ರದ ಹಿಂದೂಪುರದ ಸರ್ಕಾರಿ ಕಾರಖಾನೆಯನ್ನು ಕೊಂಡು, ಬಿಚ್ಚಿ ತಂದು ಸವದತ್ತಿ ತಾಲೂಕಿನ ಮುನವಳ್ಳಿಯಲ್ಲಿ ಜೋಡಿಸಿತು. ಕಬ್ಬು ಕೊಡುವ ರೈತರಿಗೂ ಷೇರು ಕೊಟ್ಟಿತು. ನಮ್ಮ ಗೋಕಾಕ ತಾಲೂಕಿನ ಕೊಳವಿಯ ಗೋಕಾಕ ಶುಗರ್ಸ್ ಕೂಡ ಅದರ ತೆಕ್ಕೆಗೆ ಬಂತು. 2010ರ ಹೊತ್ತಿಗೆ ಅವರು ಬ್ರೆಜಿಲ್‌ಗೆ ಹೋಗಿ ಎರಡು ಸಕ್ಕರೆ ಕಂಪನಿಗಳಲ್ಲಿ ಒಡೆತನ ಪಡೆದರು. ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದ್ದು ಸಾವೊ ಪಾವ್ಲೊ ಪ್ರಾಂತದಲ್ಲಿ ‘ರೇಣುಕಾ ದೊ ಬ್ರಾಸಿಲ್’ ಎಂದು ಬೋರ್ಡು ಹಾಕಿತು. ಯಲ್ಲಮ್ಮನ ಹೆಸರು ಪೋರ್ಚುಗೀಸ್ ಬಾಲ ಕಟ್ಟಿಕೊಂಡು ನಿಂತದ್ದು ನೋಡಿ ನನಗೆ ನಿಜಕ್ಕೂ ಹೆಮ್ಮೆಯಾಗಿತ್ತು. ಸಕ್ಕರೆಯ ದರ ಕುಸಿಯಿತು, ಡಾಲರಿನ ಸಾಲ ಬೆಳೆಯಿತು, 2015ರಲ್ಲಿ ಆ ಕಂಪನಿ ಅಲ್ಲಿಯ ಕೋರ್ಟಿನ ರಕ್ಷಣೆ ಕೇಳಬೇಕಾಯಿತು. ಇತ್ತ 2014ರಲ್ಲಿ ಪಾಲುದಾರನಾಗಿ ಬಂದ ಸಿಂಗಪುರದ ವಿಲ್ಮಾರ್, 2018ರಲ್ಲಿ ಮೂಲ ಕಂಪನಿಯ ಹಿಡಿತವನ್ನೇ ತೆಗೆದುಕೊಂಡಿತು. ಕೊಳವಿಯ ತೂಕದ ಕಟ್ಟೆಯ ಮುಂದೆ ಟ್ರ್ಯಾಕ್ಟರ್ ಸಾಲಿನಲ್ಲಿ ಬೀಡಿ ಸೇದುತ್ತ ನಿಂತವನಿಗೆ, ಮಾಲಕರು ಈಗ ಸಿಂಗಪುರದವರು ಅಂತೆ ಅಂದೆ. ‘ಬಿಲ್ ಯಾವಾಗ ಜಮಾ ಅಂತ ಏನರೆ ಅಂದಾರೇನ್ರಿ?’ ಅಂದ. ಅಪ್ಪನೇ ಮಾತಾಡಿದಂತಾಯಿತು.

ಇಂಥವರ ನಡುವೆ ಹುಕ್ಕೇರಿಯವರದು ಬೇರೆ ತಳಿ ಎಂದು ನಾನು ತಮಾಷೆ ಮಾಡುವುದುಂಟು. ಅಲ್ಲಿ 1969ರಿಂದ ಕರೆಂಟು ಹಂಚುವುದು ಸಹಕಾರಿ ಸಂಘ, ಬಿಲ್ ಕಟ್ಟುವವರೇ ಸದಸ್ಯರು. ಮಾಲಕ ಯಾರೆಂದು ಕೇಳಿದರೆ ಮನೆಮನೆಯವರೂ ಎದೆ ಮುಟ್ಟಿಕೊಳ್ಳಬಹುದು.

ದುಬೈಯ ಕಾಯ್ದೆ ಬದಲಾಯಿತು. 2021ರ ಜೂನ್ 1ರಿಂದ ಹೆಚ್ಚಿನ ವ್ಯಾಪಾರಗಳಿಗೆ ಐವತ್ತೊಂದರ ಕಟ್ಟಳೆ ಇಲ್ಲ. ಹೊಸ ಒಡಂಬಡಿಕೆ ಬರೆಸಿ, 153 ಷೇರು ಅಳಿಯನ ಕಂಪನಿಗೆ ವರ್ಗವಾಯಿತು. ಹಿರಿಯರು ಆಗಲೂ ಗಹ್ವಾ ಕೊಟ್ಟೇ ಸಹಿ ಹಾಕಿದರು. ಇಲ್ಲಿಯ ಬ್ಯಾಂಕಿಗೂ ಬದಲಾವಣೆ ತಿಳಿಸಿದೆ. ಇನ್ನು ವರ್ಷದ ಶುಲ್ಕ ಉಳಿಯಿತು ಎಂದು ಮುಂದಿನ ಸಾಲಿನ ಅಂದಾಜಿನಿಂದ ಆ ಕಲಮನ್ನು ತೆಗೆದುಹಾಕಿದ್ದೆ. ಅಳಿಯ ಹಾಳೆ ನೋಡಿ ಅದನ್ನು ಮತ್ತೆ ಬರೆಸಿದ, ಮೊತ್ತ ಮಾತ್ರ ಅರ್ಧಕ್ಕೆ ಇಳಿಸಿದ.

‘ಕಾಯ್ದೆ ಬೇಡ ಅಂದೈತಲ್ಲೋ, ಯಾಕ ಕೊಡ್ತಿ?’

‘ಕಾಯ್ದೆ ಬೇಡ ಅಂದೈತಿ ಮಾಮಾ, ಕೌಂಟರಿನ್ಯಾಗ ಕುಂತಾವ್ರು ಅವರೇ ಅದಾರಲ್ಲ. ಹೋದ ತಿಂಗಳ ಲೇಬಲ್ಲಿನ ಮ್ಯಾಲಿನ ಅರಬ್ಬಿ ಸರಿ ಇಲ್ಲಂತ ಮಾಲು ನಿಂತಿತ್ತು. ಮುದುಕ ಒಂದು ಫೋನ್ ಹಚ್ಚಿ, ಏನು ತಿದ್ದಬೇಕು ಕೇಳಿ ಹೇಳಿದ. ನನಗಾದ್ರ ಯಾರ್ ಹೇಳ್ತಿದ್ರು?’

ಯಾವ ತಲೆಬರಹದಲ್ಲಿ ಬರೆಯಲಿ ಎಂದು ಕೇಳಿದೆ. ಸ್ಪಾನ್ಸರ್ ಶುಲ್ಕ ಅನ್ನುವಂತಿಲ್ಲ, ಸ್ಪಾನ್ಸರ್ ಎಂಬುದೇ ಈಗ ಇಲ್ಲ. ಪಾಲು ಅನ್ನುವಂತಿಲ್ಲ. ಬಹಳ ಹೊತ್ತು ಯೋಚಿಸಿ ಅಳಿಯ, ‘ಕನ್ಸಲ್ಟನ್ಸಿ ಅಂತ ಹಾಕು’ ಅಂದ. ಹಾಕಿದೆ. ನನ್ನ ಫೀಯೂ ಅದೇ ತಲೆಬರಹದಲ್ಲಿದೆ, ಅವರದಕ್ಕಿಂತ ಸ್ವಲ್ಪ ಕಡಿಮೆ.